ಒಂದೇ ಬೋಲ್ಟಿನ ಬಂದೂಕು

ಫರ್ಲಾಖ್, ಸೆಪ್ಟೆಂಬರ್ 3

ವಾಲ್ಪುರ್ಗಾ ಅಕ್ಕಾ, ಮಂಡಿನೋವು ಹೇಗಿದೆ? ಒಟ್ಟೊಕಾರ್ ಭಾವನ ಕೆಮ್ಮು? ಟ್ರೌಡಿಯ ಕೂಸಿಗೆ ಹಲ್ಲು ಬಂತೇ? — ಇದು ಡೈರಿ, ನಿನಗೆ ಕಳಿಸುವುದಲ್ಲ. ಆದರೂ ಹೀಗೆ ಶುರುಮಾಡದಿದ್ದರೆ ಕೈ ಓಡುವುದಿಲ್ಲ.

ಬಂದೂಕಿನ ಹಿಂಬಾಯಿ ಮುಚ್ಚುವ ಹೊಸ ಬೋಲ್ಟುಗಳು ಬಂದವು. ಮೆಷಿನ್ನಿನ ಮಾಲು. ವರ್ಕ್‌ಶಾಪ್ ಈಗ ತಮ್ಮನ ಮಗ ಗೆರ್ನೋಟ್‌ನದು. ಹೊಸ ಬಂದೂಕುಗಳಲ್ಲಿ ಯಾವುದಕ್ಕೆ ಯಾವುದನ್ನು ತೂರಿಸಿದರೂ ಟಕ್ ಅಂತ ಕೂತವು. ಅಳತೆಯ ಗೇಜ್ ಹಾಕಿದೆ. ಕೊಂಕಿಲ್ಲ.

"ದೊಡ್ಡಪ್ಪಾ, ನೀವು ಬೋಲ್ಟ್ ಕೂರಿಸೋಕೆ ಹಚ್ಚೋ ಮಸಿ ದೀಪಕ್ಕೆ ಪಿಂಚಣಿ ಕೊಟ್ಬಿಡೋಣ."

"ಮೊದ್ಲು ನಿನ್ನ ನಾಲಿಗೆಗೆ ಕೊಡು."

ನಕ್ಕೆವು.

ಸೆಪ್ಟೆಂಬರ್ 7

ನನ್ನ ಮಗ ವೆಂಡೆಲಿನ್‌ನ ಮಗಳು ಬುರ್ಗಿ ಬಂದಳು. ಬೇಟೆ ಪರವಾನಗಿಯ ಪರೀಕ್ಷೆ ಪಾಸಾಗಿದ್ದಾಳೆ. ಅಪ್ಪನ ಬಂದೂಕು ಬೇಕಂತೆ.

ಬೋಲ್ಟಿಲ್ಲದೆ ಗೋಡೆಯಲ್ಲಿ ತೂಗುತ್ತಿದೆ. ಬುರ್ಗಿ ಕೂಸಾಗಿದ್ದಾಗಿನ ಮಾತು; ಕೆಟ್ಟ ಇಳಿಜಾರಿನಲ್ಲಿ ಗುಂಡು ಹಾರದಿರಲೆಂದು ಎಲ್ಲರೂ ಮಾಡುವಂತೆ ಅವನೂ ಬೋಲ್ಟ್ ತೆಗೆದು ಜೇಬಿಗೆ ಹಾಕಿಕೊಂಡಿದ್ದ. ಹಿಮ ಜಾರಿತು. ವಸಂತದಲ್ಲಿ ಬಂದೂಕು ಸಿಕ್ಕಿತು. ಅವನು ಸಿಗಲಿಲ್ಲ.

"ಹೊಸ ಬೋಲ್ಟ್ ಹಾಕ್ಕೊಡಿ, ತಾತ."

"ಕೂರಲ್ಲ ಕಣೆ."

ಗೆರ್ನೋಟ್ ತೂರಿಸಿ ನೋಡಿದ. ತಿರುಗಲಿಲ್ಲ. ಹೇಗೆ ತಿರುಗೀತು? ಬೋಲ್ಟಿನ ತುದಿಯ ಎರಡು ಉಬ್ಬು, ಅಂದರೆ ಕಿವಿಗಳಿಗೆ ದೀಪದ ಮಸಿ ಹಿಡಿದು, ತೂರಿಸಿ, ಉಜ್ಜಿದ ಕಡೆ ಕೆರೆದು, ಮತ್ತೆ ಮಸಿ... ನಾನೇ ಕೂರಿಸಿದ್ದು. ಬೋಲ್ಟ್ ಕೂರುವ ಆ ಗೂಡಿಗೆ ಆ ಬೋಲ್ಟ್ ಒಂದೇ.

ಸೆಪ್ಟೆಂಬರ್ 8

"ಗೂಡಿನ ಒಳಮುಖ ಮೆಷಿನ್ನಿಗೆ ಕೊಟ್ಟು ನೇರ ಮಾಡೋಣ," ಅಂದ ಗೆರ್ನೋಟ್. "ಆಮೇಲೆ ಹೊಸದು ಸಲೀಸಾಗಿ ಕೂರುತ್ತೆ."

"ಅವನ ಬೋಲ್ಟು?"

"ಅದು... ಸಡಿಲ ಆಗುತ್ತೆ, ದೊಡ್ಡಪ್ಪ."

ಬೇಡ ಅಂದೆ. ಹೊಸ ಬೋಲ್ಟನ್ನೇ ಕೆರೆದು ಕೂರಿಸುತ್ತೇನೆ. ಗೂಡು ಹಾಗೇ ಇರಲಿ.

ಸೆಪ್ಟೆಂಬರ್ 19

ಆಗಲಿಲ್ಲ. ಕೈಗೆ ಹಳೆಯ ಹದವಿಲ್ಲ. ಒಂದು ಕಿವಿ ಮುಟ್ಟುತ್ತದೆ, ಇನ್ನೊಂದು ಗಾಳಿಯಲ್ಲಿ. ಮಗುವಿನ ಕೆನ್ನೆ ಪಕ್ಕದಲ್ಲಿ ಸಿಡಿಯುವ ವಸ್ತು ಇದು. ಕೆರೆದು ಕೆಡಿಸಿದ ಆ ಹೊಸ ಬೋಲ್ಟನ್ನು ಗುಜರಿಗೆ ಎಸೆದೆ.

ಬುರ್ಗಿ ನೋಡುತ್ತ ನಿಂತಿದ್ದಳು. "ಅಪ್ಪ ಬಂದಾಗ ಬೇಕಾಗುತ್ತೆ ಅಂತ ಗೂಡನ್ನ ಹಾಗೇ ಇಟ್ಟಿದ್ದೀರಾ, ತಾತ?"

ಮೇಜಿನ ಲೋಹದ ಪುಡಿ ಒರೆಸತೊಡಗಿದೆ.

"ನಂಗೆ ಅವರ ಮುಖಾನೇ ನೆನಪಿಲ್ಲ. ಅವರು ಹಿಡಿದ ಕಡೆ ನಾನೂ ಹಿಡೀಬೇಕು. ಅಷ್ಟೇ."

ಸೆಪ್ಟೆಂಬರ್ 24, ಮಧ್ಯಾಹ್ನ

ಗೂಡನ್ನು ಮೆಷಿನ್ನಿಗೆ ಕೊಟ್ಟುಬಿಟ್ಟೆ. ಮೆಷಿನ್ ಹೆಚ್ಚು ಸದ್ದೂ ಮಾಡಲಿಲ್ಲ. ಇನ್ನೊಂದು ಹೊಸ ಬೋಲ್ಟ್ ಹಾಕಿ ಗೇಜಿಟ್ಟು ನೋಡಿದೆ. ಸರಿಯಿದೆ. ತುಂಬಾ ಸರಿಯಿದೆ. ಬುರ್ಗಿ ಎಳೆದಳು, ತಳ್ಳಿದಳು, ಮತ್ತೆ ಎಳೆದಳು, ನಕ್ಕಳು — ಅವನದೇ ನಗು. ನಾನು ಹೊರಗೆ ಬಂದೆ.

ಹಿಮ ಕರಗಿ ನಾಳೆ ಯಾರಾದರೂ ಆ ಬೋಲ್ಟ್ ತಂದುಕೊಟ್ಟರೂ ಅದಕ್ಕಿನ್ನು ಜಾಗವಿಲ್ಲ, ಅಕ್ಕಾ.

ಈ ಹಾಳೆಗಳನ್ನು ಡೈರಿಯಿಂದ ಹರಿದು ನಿನಗೇ ಅಂಚೆಗೆ ಹಾಕುತ್ತೇನೆ. ಬೇಗ ಬರೆ. ವೆಂಡೆಲಿನ್ ಇನ್ನು ಬರುವುದಿಲ್ಲ ಅಂತ ನೀನೇ ಬರೆ. ನಾನು ಅದನ್ನು ಬರೆಯಲು ಕೂತರೆ—