ಇಲ್ಲದ ಮೂರ್ಛೆ

ಬೈರಕೂರು
ಚಿತ್ರಭಾನು ಸಂವತ್ಸರ, ಫಾಲ್ಗುಣ ಮಾಸ
ಗುರುವಾರ, ೧೧–೩–೧೯೪೩

ವಕ್ಕಲೇರಿಯ ನನ್ನ ಬೀಗಿತ್ತಿ, ವದಿನೆ ಕದಿರಮ್ಮನವರಿಗೆ, ನಿಮ್ಮ ಮಗಳ ಅತ್ತೆ ಅಶ್ವತ್ಥಮ್ಮ ಕೈಮುಗಿದು ಬರೆದುಕೊಳ್ಳುವುದು.

ಈ ಕಾಗದ ನಿಮ್ಮ ಕೈಗೆ ಕೊಟ್ಟವಳು ನಿಮ್ಮ ಮಗಳು ಆದಿಲಕ್ಷ್ಮಿಯೇ. ಮೊದಲು ಅವಳಿಗೆ ಊಟಕ್ಕೆ ಹಾಕಿ ಮಲಗಿಸಿ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ನೀವೊಬ್ಬರೇ ಓದಿ. ಓದಿದ ಮೇಲೆ ಒಲೆಗೆ ಹಾಕಿ. ನಿಮ್ಮ ಯಜಮಾನರಿಗೂ ತೋರಿಸಬೇಡಿ.

ನಿಮಗೆ ಓದು ಬರುತ್ತದೆಂದು ಎಲ್ಲರಿಗೂ ಗೊತ್ತು. ನನಗೆ ಬರುತ್ತದೆಂದು ಈ ಊರಲ್ಲಿ ಯಾರಿಗೂ ಗೊತ್ತಿಲ್ಲ, ಹೆತ್ತ ಮಗನಿಗೂ. ಶ್ರೀನಿವಾಸಪುರದ ಹತ್ತಿರ ನಮ್ಮಪ್ಪ ಕೂಲಿಮಠ ನಡೆಸುತ್ತಿದ್ದರು. ಹುಡುಗರ ಹಿಂದೆ ಕೂತು ಮರಳಿನ ಮೇಲೆ ತಿದ್ದಿದೆ. ಮದುವೆಯಾದ ಮೇಲೆ ಮೂವತ್ತು ವರ್ಷ ಒಂದಕ್ಷರ ಬರೆದವಳಲ್ಲ. ಸಾಲು ಸೊಟ್ಟಗಿದ್ದರೆ ಸೈರಿಸಿ.

ನಿಮಗೆ ಮೈ ಹುಷಾರಿಲ್ಲವೆಂದು ಸುದ್ದಿ ಬಂದಿದೆ ಎಂದು ಸುಳ್ಳು ಹೇಳಿ ಅವಳನ್ನು ಕಳಿಸಿದ್ದೇನೆ. ಮಗ ಚನ್ನರಾಯ ಸೀಮೆಎಣ್ಣೆ ಚೀಟಿಗೆಂದು ಮುಳಬಾಗಿಲಿಗೆ ಹೋಗಿದ್ದಾನೆ. ಬಂದ ಮೇಲೆ ಅವನಿಗೂ ಅದನ್ನೇ ಹೇಳುತ್ತೇನೆ. ಯಾರಾದರೂ ಕೇಳಿದರೆ ನಾಲ್ಕು ದಿನ ಹಾಸಿಗೆ ಹಿಡಿಯಿರಿ. ಆದರೆ ಅವಳನ್ನು ತಿರುಗಿ ಕಳಿಸಬೇಡಿ. ಅವನು ಸೀರೆ ತಂದರೂ ಕಳಿಸಬೇಡಿ. ನಾನೇ ಬಂದು ನಿಮ್ಮ ಬಾಗಿಲಲ್ಲಿ ಅತ್ತರೂ ಕಳಿಸಬೇಡಿ.

ಯಾಕೆಂದು ಹೇಳುತ್ತೇನೆ. ನನ್ನ ತಪ್ಪಿನಿಂದಲೇ ಶುರು ಮಾಡಬೇಕು.

ಚನ್ನರಾಯ ಅವಳ ಮೇಲೆ ಮೊದಲ ಸಲ ಕೈ ಎತ್ತಿದ್ದು ನನ್ನ ಮಾತಿನಿಂದ. ಮದುವೆಯಾಗಿ ಐದು ತಿಂಗಳಾಗಿತ್ತು. ರೇಷ್ಮೆಹುಳಕ್ಕೆ ನಾನು ಇಬ್ಬನಿ ಆರದ ಸೊಪ್ಪು ಹಾಕುತ್ತಿದ್ದೆ. ಅವಳು ಬಂದು, "ಅತ್ತೆ, ಸೊಪ್ಪು ಒದ್ದೆ ಇದೆ, ಹುಳಕ್ಕೆ ರೋಗ ಬರತ್ತೆ" ಎಂದಳು. ಅಷ್ಟೇ. ಅವನು ಮನೆಗೆ ಬಂದಾಗ ನಾನು, "ನಿನ್ನ ಹೆಂಡ್ತಿ ನಂಗೆ ಹುಳ ಸಾಕೋದು ಕಲಿಸ್ತಾಳೆ ಕಣಪ್ಪ" ಎಂದೆ. ಅವನು ಅವಳ ಕೆನ್ನೆಗೆ ಹೊಡೆದ. ವದಿನಾ, ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ, ಆ ಹೊತ್ತು ನನಗೆ ಸಮಾಧಾನವಾಯಿತು. ನನ್ನ ಪರವಾಗಿ ಒಬ್ಬರು ಕೈ ಎತ್ತಿದ್ದು ಅದೇ ಮೊದಲು. ಅದರ ಮುಂಚೆ ಎತ್ತಿದ ಕೈಗಳೆಲ್ಲ ನನ್ನ ಮೇಲೆಯೇ ಬಿದ್ದಿದ್ದವು. ಆ ಸಲ ಹುಳಕ್ಕೆ ರೋಗ ಬಂದು ಅರ್ಧಕ್ಕರ್ಧ ತಟ್ಟೆ ಹುಳ ತಿಪ್ಪೆಗೆ ಹೋಯಿತು. ಅದಕ್ಕೂ ಅವಳೇ ಪೆಟ್ಟು ತಿಂದಳು. ಒದ್ದೆ ಸೊಪ್ಪು ಹಾಕಿದ್ದು ನಾನೆಂದು ಹೇಳಲಿಲ್ಲ.

ನಮ್ಮ ಯಜಮಾನರು ಇದ್ದಷ್ಟು ದಿನ ಉಪ್ಪು ಹೆಚ್ಚಾದರೆ ಹೊಡೆದರು, ಕಡಿಮೆಯಾದರೆ ಹೊಡೆದರು. ಸರಿಯಾಗಿದ್ದ ದಿನ, ಯಾರಿಗೋಸ್ಕರ ಇಷ್ಟು ಚೆನ್ನಾಗಿ ಮಾಡಿದೆ ಎಂದು ಹೊಡೆದರು. ಪ್ರತಿ ಸಲವೂ ನನ್ನ ತಪ್ಪೇನೆಂದು ಹುಡುಕಿ ತಿದ್ದಿಕೊಂಡೆ. ತಿದ್ದಿಕೊಂಡಷ್ಟೂ ಹೊಸ ತಪ್ಪು ಹುಟ್ಟುತ್ತಿತ್ತು. ಅವರು ಹೋಗಿ ಆರು ವರ್ಷವಾದ ಮೇಲೆ ಈಗ ತಿಳಿಯುತ್ತಿದೆ, ಕೈ ಮೊದಲು ಏಳುತ್ತದೆ, ತಪ್ಪನ್ನು ಆಮೇಲೆ ಹುಡುಕುತ್ತಾರೆ.

ಕಾರ್ತಿಕದಲ್ಲಿ ಅವಳು ಹಣೆ ಒಡೆದುಕೊಂಡು ನಿಮ್ಮಲ್ಲಿಗೆ ಬಂದಳಲ್ಲ, ಮೂರನೇ ದಿನಕ್ಕೆ ಬೀಗರೇ ಕರೆತಂದು ಬಿಟ್ಟರು. ಅಂದು ನಮ್ಮ ಜಗಲಿಯ ಮೇಲೆ ನಡೆದ ಪಂಚಾಯ್ತಿಯನ್ನು ಅವರು ನಿಮಗೆ ಪೂರ್ತಿ ಹೇಳಿರಲಿಕ್ಕಿಲ್ಲ. ಊರ ಹಿರಿಯ ಆವಲಪ್ಪನವರು ಹೊಡೆದೆಯಾ ಎಂದು ಕೇಳಲೇ ಇಲ್ಲ. "ಊರ್ಕೇ, ಸುಮ್‌ಸುಮ್ನೆ ಯಾರೂ ಹೊಡೆಯಲ್ಲ. ಏನ್ ತಪ್ಪು ಮಾಡಿದ್ಳಪ್ಪ?" ಎಂದು ಕೇಳಿದರು. ಆಮೇಲೆ ಎಲ್ಲ ಸೇರಿ ಯಾವ ತಪ್ಪಿಗೆ ಎಷ್ಟು ಹೊಡೆಯಬಹುದೆಂದು ಮಾತಾಡಿದರು, ದನದ ವಯಸ್ಸು ನೋಡಿ ಬೆಲೆ ಕಟ್ಟುವ ಹಾಗೆ. ಎದುರು ಮಾತಿಗೆ ಒಂದೇಟು ಸರಿ. ಹೇಳದೆ ಹೊಸ್ತಿಲು ದಾಟಿದರೆ ಎರಡು. ರಕ್ತ ಬರಬಾರದು. ನಿಮ್ಮವರೂ ತಲೆಯಾಡಿಸಿದರು.

ಆಗ ನಿಮ್ಮ ಮಗಳು ಬಾಗಿಲ ಹಿಂದಿನಿಂದ ಈಚೆ ಬಂದು ಕೇಳಿದಳು, "ಅವ್ರು ತಪ್ಪು ಮಾಡಿದ್ರೆ ನಾನು ಹೊಡೀಬೌದಾ ತಾತಾ?"

ಜಗಲಿಯೆಲ್ಲ ನಕ್ಕಿತು. ಆವಲಪ್ಪನವರಿಗೆ ನಕ್ಕು ನಕ್ಕು ಕೆಮ್ಮು ಬಂತು. ಅವಳು ನಗಲಿಲ್ಲ, ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದಳು. ಚನ್ನರಾಯನೂ ನಗಲಿಲ್ಲ. ತನ್ನ ಹೆಂಡತಿಯ ಮಾತಿಗೆ ಊರು ನಗುತ್ತಿದ್ದಾಗ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದ.

ಕೊನೆಗೆ ನನ್ನನ್ನು ಕೇಳಿದರು, ಹಣೆ ಹೇಗೆ ಒಡೆಯಿತು ಎಂದು. ಒನಕೆಯಿಂದ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಮನೆಯ ಮಾನ, ಒಬ್ಬನೇ ಮಗ. "ಅವಳಿಗೆ ಮೂರ್ಛೆ ಬರತ್ತೆ, ಬಿದ್ದು ಪೆಟ್ಟಾಯ್ತು" ಎಂದುಬಿಟ್ಟೆ. ಆದಿಲಕ್ಷ್ಮಿ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಒಳಗೆ ಹೋದಳು.

ಅಂದಿನಿಂದ ಅವನು ಅವಳಿಗೆ ಹೊಡೆದಿಲ್ಲ. ಪಂಚಾಯ್ತಿಯಿಂದ ಒಳ್ಳೆಯದಾಯಿತೆಂದು ಊರೆಲ್ಲ ಹೇಳುತ್ತದೆ. ಮೊದಮೊದಲು ನಾನೂ ದೇವರಿಗೆ ದೀಪ ಹಚ್ಚಿದೆ.

ಆಮೇಲೆ ಒಂದೊಂದೇ ಕಿವಿಗೆ ಬಿತ್ತು. ಪಕ್ಕದ ಮನೆ ಅಂಜಮ್ಮ, "ನಿಮ್ ಸೊಸೇಗೆ ವಾರಕ್ಕೆ ಎರಡು ಸಲ ಮೂರ್ಛೆ ಅಂತೆ, ಚನ್ನರಾಯಪ್ಪ ಹೇಳಿ ಕಣ್ಣೀರು ಹಾಕ್ದ" ಎಂದಳು. ನಾಟಿ ವೈದ್ಯರ ಹತ್ತಿರ ಹೋಗಿ ನಾಲ್ಕು ಜನರ ಎದುರಿಗೆ ಮದ್ದು ಕಟ್ಟಿಸಿಕೊಂಡು ಬಂದ. ಆ ಮದ್ದನ್ನು ಒಂದು ದಿನವೂ ಅವಳಿಗೆ ಕೊಡಲಿಲ್ಲ. ಬಾವಿಯ ಹತ್ತಿರ ಒಬ್ಬಳನ್ನೇ ಬಿಡಬೇಡಿ ಎಂದು ಊರಿಗೆಲ್ಲ ಹೇಳಿದವನು, ತೋಟಕ್ಕೆ ಅವಳ ಜೊತೆ ಸೊಪ್ಪು ಕೊಯ್ಯಲು ಬರುತ್ತಿದ್ದ ಆಳು ಹೆಂಗಸನ್ನು ಬಿಡಿಸಿದ. ಈಗ ಮಟಮಟ ಮಧ್ಯಾಹ್ನ ಅವಳೊಬ್ಬಳನ್ನೇ ಕಳಿಸುತ್ತಾನೆ. ತೋಟದಲ್ಲಿ ಎತ್ತು ನೀರೆಳೆಯುವ ನಮ್ಮ ಕಪಿಲೆ ಬಾವಿ ನೀವು ನೋಡಿದ್ದೀರಿ. ಸುತ್ತ ಕಟ್ಟೆಯಿಲ್ಲ.

ಸೋಮವಾರ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ತೋಟದ ಕಡೆ ನಡೆದೆ. ಆದಿಲಕ್ಷ್ಮಿ ಬಾವಿಯ ಅಂಚಿನ ಕಲ್ಲಿನ ಮೇಲೆ ಬಗ್ಗಿ, ಸೊಪ್ಪಿನ ಮಂಕರಿ ತೊಳೆಯುತ್ತಿದ್ದಳು. ಅವಳ ಬೆನ್ನ ಹಿಂದೆ, ಒಂದು ಮೊಳ ದೂರದಲ್ಲಿ, ಅವನು ನಿಂತಿದ್ದ. ಮೆಟ್ಟು ಕಳಚಿ ದೂರ ಇಟ್ಟಿದ್ದ. ಎರಡು ಕೈಯೂ ಮುಂದಕ್ಕೆ ಚಾಚಿದ್ದವು. ಅವನು ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ.

ನಾನು ಅವನ ಹೆಸರು ಹಿಡಿದು ಕೂಗಿದೆ. ಅವನು ಗಾಬರಿಯಾಗಲಿಲ್ಲ, ಅವಳು ತಿರುಗಿ ನೋಡುವ ಮೊದಲೇ ಮೆಲ್ಲಗೆ ಕೈ ಇಳಿಸಿದ. ಅವಳು ಮಂಕರಿ ಹೊತ್ತು ಮನೆಯ ಕಡೆ ತಿರುಗಿದ ಮೇಲೆ ನನ್ನ ಹತ್ತಿರ ಬಂದು ಹೇಳಿದ, "ಮೂರ್ಛೆ ಬಂದ್ರೆ ಹಿಡ್ಕೊಳ್ಳೋಣಾಂತ ನಿಂತಿದ್ದೆ ಅಮ್ಮಾ. ನೀನೇ ಅಲ್ವಾ ಪಂಚಾಯ್ತೀಲಿ ಹೇಳಿದ್ದು?"

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಬಾವಿಯ ವಿಷಯ ಅವಳಿಗೆ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ, ನೀವು ಹೇಳಿ. ಅವಳಿಗೆ ಒಂದು ದಿನವೂ ಮೂರ್ಛೆ ಬಂದದ್ದಿಲ್ಲ ಎಂದು ನಿಮಗೆ ಗೊತ್ತು, ನನಗೆ ಗೊತ್ತು. ಇನ್ನು ಈ ಕಾಗದವನ್ನು ಒಲೆಗೆ ಹಾಕಿಬಿಡಿ. ನಾನು ಈ ಮನೆಯಲ್ಲೇ ಇರಬೇಕಾದವಳು.

ಇಂತಿ ನಿಮ್ಮ ವದಿನೆ ಎನಿಸಿಕೊಳ್ಳಲು ಮುಖವಿಲ್ಲದ
ಅಶ್ವತ್ಥಮ್ಮ

ವಕ್ಕಲೇರಿ
ಶನಿವಾರ ಸಂಜೆ, ೨೦–೩–೧೯೪೩

ಅಶ್ವತ್ಥಮ್ಮ ವದಿನೆಗೆ ಕದಿರಮ್ಮ ಮಾಡುವ ನಮಸ್ಕಾರಗಳು.

ನೀವು ಒಲೆಗೆ ಹಾಕಿ ಎಂದಿರಿ. ನಾನು ಹಾಕಲಿಲ್ಲ. ಏನು ಮಾಡಿದೆನೆಂದು ಕೇಳಿದ ಮೇಲೆ ನೀವು ನನ್ನನ್ನು ಬೈದರೂ ಸರಿಯೇ.

ಇವತ್ತು ಬೆಳಗ್ಗೆ ಅಳಿಯಂದಿರು ಆವಲಪ್ಪನವರನ್ನು ಕರೆದುಕೊಂಡು ಬಂದರು. ಹೂವು, ಹಣ್ಣು, ಒಂದು ಸೀರೆ. ನಮ್ಮವರ ಕಾಲಿಗೆ ನಮಸ್ಕಾರ ಮಾಡಿದರು. "ಅವಳಿಗೆ ಕಾಯಿಲೆ ಮಾವಾ, ನನ್ ಕಣ್ಣೆದುರಿಗೇ ಇರಬೇಕು" ಎಂದರು. ನಮ್ಮವರು ಕರಗಿಹೋದರು. ಮಧ್ಯಾಹ್ನದ ಊಟವಾದ ಮೇಲೆ ಹೊರಡಲಿ ಎಂದು ನಿಂತಲ್ಲೇ ತೀರ್ಮಾನ ಮಾಡಿಬಿಟ್ಟರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ಒಂದು ದಿನ ನನ್ನ ಮೇಲೆ ಕೈ ಮಾಡಿದವರಲ್ಲ. ಆದರೆ ಬೇರೆಯವನು ತಮ್ಮ ಮಗಳಿಗೆ ಹೊಡೆದರೆ ಅದು ಅವನ ಮನೆಯ ಮಾತು ಎಂದೇ ನಂಬಿದ್ದರು. ಒಳ್ಳೆಯ ಮನುಷ್ಯ ಎಂದುಕೊಂಡೇ ನಾನೂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ನಾನು ಬೇಡ ಎಂದೆ. ಯಾರೂ ಕೇಳಲಿಲ್ಲ. ಆದಿಲಕ್ಷ್ಮಿ ನಡುಮನೆಯ ಕಂಬ ಹಿಡಿದು ನಿಂತಿದ್ದಳು. ಬಾವಿಯ ವಿಷಯ ನಾನು ಹೇಳಿದ ಮೇಲೆ ಅವಳಿಗೆ ಸರಿಯಾಗಿ ನಿದ್ದೆಯೇ ಇಲ್ಲ. ಅವಳ ಗಂಟನ್ನು ನಮ್ಮವರೇ ತಂದು ಈಚೆ ಇಟ್ಟರು. ಆಗ ನಾನು ಒಳಗೆ ಹೋಗಿ, ರಾಗಿ ತುಂಬಿಡುವ ಮಣ್ಣಿನ ವಾಡೆಯಲ್ಲಿ ಬಚ್ಚಿಟ್ಟಿದ್ದ ನಿಮ್ಮ ಕಾಗದ ತಂದು ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿದೆ.

ಮೊದಲು ಅಳಿಯಂದಿರು ನಕ್ಕರು. "ನಮ್ಮಮ್ಮನಿಗೆ ಅಕ್ಷರಾನೇ ಬರಲ್ಲ. ನೀವೇ ಕಟ್ಟಿದ ಕತೆ ಇದು" ಎಂದರು. ಆವಲಪ್ಪನವರೂ ಹೌದು ಹೌದು ಎಂದರು. ನಾನು ನಿಲ್ಲಿಸಲಿಲ್ಲ. ಬಾವಿಯ ಮಾತು ಬಂತು. ಮೆಟ್ಟು ಕಳಚಿಟ್ಟದ್ದು, ಕೈ ಚಾಚಿದ್ದು, ನಿಮಗೆ ಹೇಳಿದ ಮಾತು ಎಲ್ಲ ಓದಿದೆ. ಅಳಿಯಂದಿರ ಬಾಯಿಂದ ಬಂದೇಬಿಟ್ಟಿತು, "ಅಲ್ಲಿ ಅಮ್ಮನ್ ಬಿಟ್ರೆ ಯಾರೂ ಇರ್ಲಿಲ್ವಲ್ಲ!"

ಹಾಗಾದರೆ ಬರೆದವರು ನೀವೇ ಎಂದು ಎಲ್ಲರಿಗೂ ತಿಳಿದುಹೋಯಿತು. ಆವಲಪ್ಪನವರು ಅವರ ಪಕ್ಕದಿಂದ ಎದ್ದು ಈಚೆ ಬಂದು ಕೂತರು. ನಮ್ಮವರು ಗಂಟನ್ನು ಎತ್ತಿಕೊಂಡು ಒಳಗೆ ಹೋದರು. ನಿಮ್ಮ ಸೊಸೆ ಇನ್ನು ಬೈರಕೂರಿಗೆ ಬರುವುದಿಲ್ಲ. ಅಷ್ಟನ್ನು ನೀವು ಗೆದ್ದಿರಿ.

ಆದರೆ ನಿಮ್ಮ ಮಗ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಓದಿದರೋ, ಬರೀ ಅಕ್ಷರ ನೋಡಿದರೋ. ಮಡಚಿ ಜೇಬಿಗೆ ಹಾಕಿಕೊಂಡರು. ಬೀದಿಗೆ ಇಳಿದ ಮೇಲೆ ಆವಲಪ್ಪನವರಿಗೆ ಅಕ್ಕಪಕ್ಕದ ಮನೆಗಳಿಗೂ ಕೇಳುವಂತೆ ಹೇಳಿದರು, "ಪಾಪ, ಅಮ್ಮನಿಗೂ ಈಚೆಗೆ ತಲೆ ಸರಿಯಿಲ್ಲ. ಒಬ್ಬಳೇ ಓಡಾಡ್ತಾಳೆ, ಏನಾಗತ್ತೋ ಏನೋ."

ವದಿನಾ, ನನ್ನ ಮಗಳನ್ನು ಉಳಿಸಿಕೊಳ್ಳಲು ನಿಮ್ಮನ್ನು ಅವರ ಕೈಗೆ ಕೊಟ್ಟೆ. ಬೇರೆ ದಾರಿ ಕಾಣಲಿಲ್ಲ ಎಂದು ಹೇಳಿಕೊಂಡರೆ ಅದು ನಿಜ. ನಿಜವಾದರೂ ಕೊಟ್ಟವಳು ನಾನೇ.

ನಾಳೆ ಮೊದಲ ಬಸ್ಸಿಗೆ ನಮ್ಮವರನ್ನು ಕಳಿಸುತ್ತೇನೆ. ಈ ಕಾಗದ ಅವರ ಕೈಯಲ್ಲೇ ಕೊಡುತ್ತೇನೆ. ಉಟ್ಟ ಬಟ್ಟೆಯಲ್ಲೇ ಅವರ ಜೊತೆ ಹೊರಟುಬನ್ನಿ. ಹುಳ, ತೋಟ, ಮನೆ ಏನನ್ನೂ ಹಿಂತಿರುಗಿ ನೋಡಬೇಡಿ. ನನ್ನ ಅಡುಗೆಮನೆಯಲ್ಲಿ ನಿಮಗೂ ಜಾಗವಿದೆ. ಉಪ್ಪು ಹೆಚ್ಚಾದರೆ ನೀರು ಬೆರೆಸಿಕೊಳ್ಳೋಣ.

ಇಂತಿ ನಿಮ್ಮ
ಕದಿರಮ್ಮ

ಮತ್ತೆ ಬರೆದದ್ದು, ಭಾನುವಾರ ಮಧ್ಯಾಹ್ನ, ಬೈರಕೂರಿನಲ್ಲಿ ನಿಮ್ಮ ಪಕ್ಕದ ಅಂಜಮ್ಮನ ಮನೆಯಲ್ಲಿ:

ನಮ್ಮವರು ಬರಲಿಲ್ಲ. "ತಾಯಿ ಮಗನ ಮಧ್ಯೆ ನಾವ್ಯಾಕೆ ಹೋಗೋದು" ಎಂದರು. ಹಾಗಾಗಿ ನಾನೇ ಬಂದಿದ್ದೇನೆ. ಬರಬೇಡವೆಂದರೂ ಕೇಳದೆ ಆದಿಲಕ್ಷ್ಮಿಯೂ ಬಂದಿದ್ದಾಳೆ. ನಮ್ಮೂರ ಸೂಲಗಿತ್ತಿ ದೊಡ್ಡಮುನಿಯಮ್ಮ ಜೊತೆಗಿದ್ದಾಳೆ. ಇದ್ದಿಲಲ್ಲಿ ಓಡುವ ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತು, ಅದಕ್ಕೇ ತಡವಾಯಿತು. ನಿನ್ನೆ ಸಂಜೆಯಿಂದ ನೀವು ರೇಷ್ಮೆಹುಳದ ಮನೆಯ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದೀರಂತೆ. ನಿಮ್ಮ ಮಗ ಹೊಸ್ತಿಲಲ್ಲೇ ಕೂತು, "ಬಾಮ್ಮಾ, ಊಟ ಮಾಡು ಬಾಮ್ಮಾ" ಎಂದು ಕರೆಯುತ್ತಲೇ ಇದ್ದಾರಂತೆ. ಅಂಜಮ್ಮ ಈ ಕಾಗದವನ್ನು ಹಿಂದಿನ ಕಿಂಡಿಯಿಂದ ಒಳಗೆ ಹಾಕುತ್ತಾಳೆ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ನಾವು ಮೂವರೂ ಮುಂಬಾಗಿಲಲ್ಲಿ ಇರುತ್ತೇವೆ. ನಮ್ಮ ದನಿ ಕೇಳಿದ ಮೇಲೆ ಚಿಲಕ ತೆಗೆಯಿರಿ. ಅವನು ಎಷ್ಟು ಮೆತ್ತಗೆ ಕರೆದರೂ ತೆಗೆಯಬೇಡಿ.