ಹಿಂದಿನ ಸೀಟು

ನವೆಂಬರ್ ೬, ಬುಧವಾರ

ಬೆಳಿಗ್ಗೆ ಗಾಡಿ ಒರೆಸಿದೆ. ಸೀಟಿನ ಮೇಲೆ ಇಬ್ಬನಿ. ಒಳಗೆ ಅತ್ತೆಯ ಮಗ್ಗ ಆಗಲೇ ಶುರು... ಕಟಕ್, ಕಟಕ್. ಬೆಟಗೇರಿಯ ನಮ್ಮ ಓಣಿಯನ್ನು ಎಬ್ಬಿಸಲು ಬೇರೆ ಏನೂ ಬೇಕಿಲ್ಲ.

ಇವತ್ತು ಲಕ್ಷ್ಮೇಶ್ವರದ ಶಾಲೆ. ನಾಳೆ ಶಿರಹಟ್ಟಿ. ಎರಡೂ ಕಡೆ ಸಂಗೀತದ ಪಿರಿಯಡ್ಡು. ಬಸ್ಸಿದೆ, ಆದರೆ ಬಸ್ಸಿನಲ್ಲಿ ಹಾಡಿಕೊಳ್ಳಲಾಗದು. ಗಾಡಿಯ ಮೇಲೆ ಹೆಲ್ಮೆಟ್ಟಿನೊಳಗೆ ಎಷ್ಟು ಹಾಡಿದರೂ ಕೇಳುವವರಿಲ್ಲ. ನಾಲ್ಕನೇ ಗೇರಿನಲ್ಲಿ ಇಂಜಿನ್ನು ಒಂದು ಶ್ರುತಿ ಹಿಡಿಯುತ್ತದೆ. ಅದರ ಮೇಲೆ ಕೂತುಬಿಟ್ಟರೆ ಆಯಿತು, ರಸ್ತೆ ತಾನೇ ಕರೆದುಕೊಂಡು ಹೋಗುತ್ತದೆ. ಗೇರಿನ ಗಾಡಿ ಕಲಿಸಿದ್ದು ಅಪ್ಪ. ಹುಡುಗಿಯರಿಗೆ ಸ್ಕೂಟಿ ಸಾಕೆಂದವರ ಮಾತು ಅವನು ಕೇಳಲಿಲ್ಲ.

ಮೊಬೈಲಿಗೆ ಮೆಸೇಜು: ಹತ್ತನೇ ತಾರೀಖಿಗೆ ಇನ್ಶೂರೆನ್ಸ್ ಮುಗಿಯುತ್ತದೆ. ಮಾಂತೇಶನಿಗೆ ಫೋನ್ ಮಾಡಿದೆ. ನನ್ನ ಗಂಡ, ಮುಂಡರಗಿ ಕಡೆ ಕರೆಂಟು ಹುಟ್ಟಿಸುವ ಗಾಳಿಯಂತ್ರಗಳ ರಿಪೇರಿ ಕೆಲಸದಲ್ಲಿ. ಮನೆಗೆ ಬರುವುದು ರವಿವಾರವೊಂದೇ.

"ಥರ್ಡ್ ಪಾರ್ಟಿ ಒಂದ ಹಾಕ್ಸಿಬಿಡ. ಪೊಲೀಸ್ರಿಗೆ ತೋರ್ಸಾಕ ಒಂದ ಕಾಗದ ಇದ್ರ ಆತು," ಅಂದ. ಅವನ ಹಿಂದೆ ಗಾಳಿಯ ಸದ್ದು, ದೊಡ್ಡದು. ಅವನು ಸಮುದ್ರದ ದಂಡೆಯಿಂದ ಮಾತಾಡುತ್ತಿದ್ದಾನೆ ಅನಿಸಿತು.

ನವೆಂಬರ್ ೯, ಶನಿವಾರ

ಯಮನೂರಸಾಬರ ಹತ್ತಿರ ಹೋಗಿದ್ದೆ. ಝೆರಾಕ್ಸ್ ಅಂಗಡಿಯ ಪಕ್ಕ ಅವರದೊಂದು ಟೇಬಲ್ಲು, ಒಂದು ಲ್ಯಾಪ್‌ಟಾಪು. ಓಣಿಯ ಅರ್ಧ ಗಾಡಿಗಳ ವಿಮೆ ಅಲ್ಲೇ ಆಗುತ್ತದೆ.

"ಬರೇ ಥರ್ಡ್ ಪಾರ್ಟಿ ಸಾಕ್ರಿ," ಅಂದೆ.

"ಆತ್ರಿ ಟೀಚರ. ಆದ್ರ ಒಂದ ಮಾತ ತಿಳ್ಕೊಳ್ರಿ. ನೀವು ಯಾರಿಗರೆ ಗುದ್ದಿದ್ರ ಅವರಿಗೆ ಬರ್ತೈತಿ. ನಿಮ್ಮ ಗಾಡಿಗೆ ಬರಂಗಿಲ್ಲ. ಹಿಂದ ಕುಂತಾವ್ರಿಗೂ ಬರಂಗಿಲ್ಲ."

"ಹಿಂದ ಕುಂತಾವ್ರು ಥರ್ಡ್ ಪಾರ್ಟಿ ಅಲ್ಲೇನ್ರಿ?"

"ಎಲ್ಲಾರೂ ಹಂಗ ತಿಳ್ಕೊಂಡಾರ್ರಿ. ಫುಲ್ ಪ್ಯಾಕೇಜ್ ಇದ್ರ ಅವರೂ ಬರ್ತಾರ, ಗಾಡೀನೂ ಬರ್ತೈತಿ. ಹಿಂದ ಯಾರ ಕುಂಡರ್ತಾರ ಹೇಳ್ರಿ. ಆಮ್ಯಾಲ ನಾ ಹೇಳ್ತೀನಿ."

ಯಾರು? ಅತ್ತೆ. ಆಗಾಗ ರವಿವಾರ ಅವರ ತಂಗಿಯನ್ನು ನೋಡಲು ಲಕ್ಷ್ಮೇಶ್ವರಕ್ಕೆ. ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ನನ್ನ ಸೊಂಟವನ್ನು ಒಂದು ಕೈಯಿಂದ ಬಳಸಿ ಕೂಡುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ಆ ಕೈಯಿಂದಲೇ ಸಲಿಗೆ ಬೆಳೆಯಿತು.

"ನಮ್ಮತ್ತಿ," ಅಂದೆ.

"ಹಂಗಾರ ಮತ್ತ ಕೇಳಬ್ಯಾಡ್ರಿ."

ಫುಲ್ ಪ್ಯಾಕೇಜ್ ಮಾಡಿಸಿದೆ. ಸಂಜೆ ಮಾಂತೇಶ ಫೋನಿನಲ್ಲಿ ಗೊಣಗಿದ. ಹಳೇ ಗಾಡಿಗೆ ಇಷ್ಟ್ಯಾಕ ಅಂದ.

ಡಿಸೆಂಬರ್ ೧, ರವಿವಾರ

ಅತ್ತೆಯೊಡನೆ ಲಕ್ಷ್ಮೇಶ್ವರ. ಹೋಗುವಾಗ ಮಾಗಡಿ ಕೆರೆಯ ಹತ್ತಿರ ಗಾಡಿ ನಿಲ್ಲಿಸಿದೆ. ಹೆಬ್ಬಾತುಗಳು ಬಂದಿವೆ. ನೀರೆಲ್ಲ ಬೂದು, ಹಕ್ಕಿಯೂ ಬೂದು. ಎಲ್ಲಿ ಕೆರೆ ಮುಗಿದು ಎಲ್ಲಿ ರೆಕ್ಕೆ ಶುರುವಾಗುತ್ತದೆ ತಿಳಿಯಲಿಲ್ಲ.

"ಎಲ್ಲಿಂದ ಬಂದಾವ ಇವು?"

"ಹಿಮಾಲಯದ ಆಚಿಕಡಿಂದ್ರಿ, ಅತ್ತಿ."

"ಮಕ್ಕಳನ್ನೂ ಕರಕೊಂಡ?"

"ಹ್ಞೂಂ."

ಬಹಳ ಹೊತ್ತು ನಿಂತರು. ತಂಗಿಯ ಮನೆಗೆ ಹೊತ್ತಾಗುತ್ತದೆ ಎಂದು ನಾನೇ ಅವಸರ ಮಾಡಬೇಕಾಯಿತು.

ಡಿಸೆಂಬರ್ ೧೯, ಗುರುವಾರ. ಆಸ್ಪತ್ರೆ, ಮಧ್ಯಾಹ್ನ

ಬರೆಯಲು ಕೈ ಬರಲಿಲ್ಲ ಇಷ್ಟು ದಿನ. ಅಂಗೈ ತರಚಿದೆ, ಅಷ್ಟೇ. ನನಗೆ ಅಷ್ಟೇ.

ಕಳೆದ ರವಿವಾರ. ಅದೇ ರಸ್ತೆ. ಮಂಜು ಆಗತಾನೇ ಕರಗಿತ್ತು. ಹೊಲಗಳಲ್ಲಿ ಮೇಯ್ದ ಹೆಬ್ಬಾತುಗಳು ಕೆರೆಗೆ ಮರಳುವ ಹೊತ್ತು. ಸಾಲು ಸಾಲು, ನಮ್ಮ ತಲೆಯ ಮೇಲೆಯೇ. ಅತ್ತೆ ನನ್ನ ಭುಜ ಹಿಡಿದು ಅಲುಗಿಸಿದರು: "ಮ್ಯಾಲ ನೋಡ, ಮಂಜುಳಾ! ಮ್ಯಾಲ ನೋಡ!"

ನೋಡಿದೆ.

ಎಷ್ಟು ಹೊತ್ತು? ಒಂದು ಉಸಿರು. ಅಷ್ಟರಲ್ಲಿ ರಸ್ತೆಯ ಅಂಚಿಗೆ ಸುರಿದಿದ್ದ ಜಲ್ಲಿಕಲ್ಲಿನ ಕಡಿ, ಮುಂದಿನ ಗಾಲಿ, ಆಮೇಲೆ ಆಕಾಶ ಪಕ್ಕಕ್ಕೆ ಬಂತು. ನಿಧಾನಕ್ಕೆ ಬಿದ್ದೆವು, ನೀರಿನಲ್ಲಿ ಬೀಳುವ ಹಾಗೆ. ಹಕ್ಕಿಗಳ ಕೂಗು ಇನ್ನೂ ಕೇಳುತ್ತಲೇ ಇತ್ತು. ಇಬ್ಬರಿಗೂ ಹೆಲ್ಮೆಟ್ಟಿತ್ತು, ತಲೆ ಉಳಿಯಿತು. ಅತ್ತೆಯ ಬಲ ತೊಡೆ ಉಳಿಯಲಿಲ್ಲ.

ಗೋವಿನಜೋಳದ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ ಓಡಿಬಂದ, ಆಂಬುಲೆನ್ಸಿಗೆ ಫೋನ್ ಮಾಡಿದ. ಗದಗಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಗೆ ಬಿದ್ದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಆ ನೋವಿನಲ್ಲೂ: "ಗಾಡಿ ನಿಂತಿತ್ರಿ ಸಾಹೇಬ್ರ. ಇಳಿಯಾಕ ಹೋಗಿ ನಾನ ಬಿದ್ನಿ. ಸೊಸೀದ ಏನೂ ಇಲ್ಲ."

ಡಾಕ್ಟರು ಹಾಗೇ ಬರೆದುಕೊಂಡರು.

ಎಲುಬಿಗೆ ರಾಡು ಹಾಕಿದ್ದಾರೆ. ಈಗ ನಿದ್ದೆ. ನಿದ್ದೆಯಲ್ಲೂ ಎಡಗಾಲು ಸಣ್ಣಗೆ ತುಳಿಯುತ್ತದೆ, ಮಗ್ಗ ತುಳಿದ ಹಾಗೆ. ಬಲಗಾಲು ಮಾತ್ರ ಸ್ತಬ್ಧ.

ಡಿಸೆಂಬರ್ ೨೨, ರವಿವಾರ

ಯಮನೂರಸಾಬರು ಬಾಳೆಹಣ್ಣು ಹಿಡಿದು ಬಂದಿದ್ದರು. ಮಾಂತೇಶನೂ ಇದ್ದ. ಇನ್ನು ಮೇಲೆ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುವ ಮಗ್ಗ ಅತ್ತೆಗೆ ಆಗದು ಎಂದು ಡಾಕ್ಟರು ಹೇಳಿ ಹೋದ ಗಳಿಗೆ ಅದು. ಇಳಿಯುವುದೂ ಕಷ್ಟ, ಏಳುವುದೂ ಕಷ್ಟ. ಕೇಳಿದ ಅತ್ತೆ ಗೋಡೆ ನೋಡುತ್ತಿದ್ದರು. ಹದಿನಾರರ ವಯಸ್ಸಿಗೆ ಆ ಕುಣಿಯಲ್ಲಿ ಕೂತವರು.

"ಯವ್ವಾ," ಯಮನೂರಸಾಬರು ಸ್ಟೂಲು ಎಳೆದುಕೊಂಡರು. "ಪರಿಹಾರ ಬರ್ತೈತಿ. ಕಾಲಿಗೂ ಬರ್ತೈತಿ, ನಿಂತ ದುಡಿಮಿಗೂ ಬರ್ತೈತಿ. ಆದ್ರ ನಿಂತ ಗಾಡಿಯಿಂದ ಬಿದ್ನಿ ಅಂದ್ರ ಏನೂ ಇಲ್ಲ. ಖರೆ ಏನೈತಿ ಅದನ್ನ ಹೇಳಬೇಕು. ಗಾಡಿ ಓಡ್ತಿತ್ತು, ಓಡ್ಸಾಕಿ ಲಕ್ಷ್ಯ ಇರಲಿಲ್ಲ ಅಂತ ಪೊಲೀಸ್ ಕಂಪ್ಲೇಂಟ್ ಆಗಬೇಕು. ಅದೂ ಜಲ್ದಿ."

"ಯಾರ ಮ್ಯಾಲ ಕಂಪ್ಲೇಂಟ್?" ಅತ್ತೆ ಕೇಳಿದರು.

ಯಮನೂರಸಾಬರು ನನ್ನ ಕಡೆ ನೋಡಲಿಲ್ಲ. "ಓಡ್ಸಿದಾವ್ರ ಮ್ಯಾಲ. ರೊಕ್ಕ ಕೊಡೋದು ಇನ್ಶೂರೆನ್ಸ್ ಕಂಪನಿ. ಆದ್ರ ಕೇಸಿನ್ಯಾಗ ಸೊಸಿ ಹೆಸರ ಬರ್ತೈತಿ."

ಅತ್ತೆ ಮುಖ ಆಚೆ ತಿರುಗಿಸಿದರು. "ಕಾಲ ಹೋದ್ರ ಹೋಗ್ಲಿ. ನಾ ಹೇಳಂಗಿಲ್ಲ."

ಹೊರಗೆ ವರಾಂಡದಲ್ಲಿ ಮಾಂತೇಶ ನನ್ನನ್ನು ಕೇಳಿದ. ಬೈಯಲಿಲ್ಲ, ಮೆಲ್ಲಗೆ ಕೇಳಿದ: "ಎತ್ಲಾಗ ನೋಡಾಕತ್ತಿದ್ದಿ ನೀ?"

ಮೇಲೆ, ಅಂದೆ.

ಯಾರು ತೋರಿಸಿದರು ಎಂದು ಹೇಳಲಿಲ್ಲ.

ಡಿಸೆಂಬರ್ ೨೪, ಮಂಗಳವಾರ

ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅತ್ತೆಯ ಕೂದಲು ಬಾಚುತ್ತ ಮಾತು ತೆಗೆದೆ. ಎದುರು ಮುಖವಿಲ್ಲದಿದ್ದರೆ ಹೇಳುವುದು ಸುಲಭ.

"ಅತ್ತಿ, ನಾ ರಸ್ತಾ ನೋಡಬೇಕಿತ್ತು. ನೋಡ್ಲಿಲ್ಲ. ಖರೆ ಅದ. ಅದನ್ನ ಹೇಳಾಕ ಯಾಕ ಅಂಜಬೇಕ್ರಿ?"

"ನಿನ್ನ ಒಯ್ದ ಒಳಗ ಹಾಕಿದ್ರ?"

"ಹಾಕಂಗಿಲ್ರಿ. ದಂಡ ಹಾಕಬಹುದು."

"ಅತ್ತಿ ಸೊಸಿ ಮ್ಯಾಲ ಕೇಸ್ ಹಾಕ್ಯಾಳ ಅಂತ ಓಣಿಯಾಗ ಅಂತಾರ."

"ಅನ್ಲಿ ಬಿಡ್ರಿ. ನೀವು ಮಲಗಿದ್ದ ನೋಡೋದು ನನಗ ಅದಕ್ಕಿಂತ ಕಷ್ಟ ಐತಿ."

ಹೆಣಿಕೆ ಮುಗಿಸಿ ತುದಿಗೆ ಗಂಟು ಹಾಕಿದೆ. ಆಮೇಲೆ ಅತ್ತೆ: "ಕರೀ ಹೋಗ ಪೊಲೀಸ್ರನ್ನ."

ಮಾಂತೇಶ ಠಾಣೆಗೆ ಹೋಗಿ ಬಂದ. ಸಂಜೆ ಪೊಲೀಸರೊಬ್ಬರು ಹೇಳಿಕೆ ತೆಗೆದುಕೊಳ್ಳಲು ಬಂದರು. ಮೊದಲು ಹೇಳಿದ್ದು ಸುಳ್ಳು ಎಂದರು ಅತ್ತೆ. "ಗಾಡಿ ಓಡ್ತಿತ್ರಿ. ಇಕಿ ಓಡ್ಸತಿದ್ಲು. ಇಕಿ ಲಕ್ಷ್ಯ ಬ್ಯಾರೆ ಕಡಿ ಇತ್ತು." ಅಲ್ಲಿಗೆ ನಿಂತರು. ಸಹಿ ಹಾಕಿ ಪೆನ್ನು ವಾಪಸು ಕೊಡುತ್ತ, "ಮುಂಜಾನಿಂದ ಊಟ ಮಾಡಿಲ್ರಿ ಇಕಿ. ಇಕೀದೂ ಜಲ್ದಿ ಬರಕೊಂಡು ಬಿಡ್ರಿ," ಅಂದರು.

ಪೊಲೀಸರು ಬರೆಯುವುದನ್ನು ಬಿಟ್ಟು ಇಬ್ಬರನ್ನೂ ನೋಡಿದರು.

ಫೆಬ್ರುವರಿ ೧೧, ಮಂಗಳವಾರ

ಗಾಡಿ ರಿಪೇರಿಯಾಗಿ ಬಂದು ಬಹಳ ದಿನವಾಯಿತು. ಅದೇನೂ ಕಷ್ಟವಾಗಲಿಲ್ಲ. ಕಂಪನಿಯ ಸರ್ವೇಯರ್ ಗ್ಯಾರೇಜಿಗೆ ಬಂದ, ಫೋಟೋ ತೆಗೆದ, ಹ್ಯಾಂಡಲ್ಲು, ಹೆಡ್‌ಲೈಟು ಹೊಸವು ಬಂದವು. ಕಬ್ಬಿಣಕ್ಕೆ ಎಷ್ಟು ಬೇಗ ಗುಣವಾಗುತ್ತದೆ.

ಮುಟ್ಟಿಲ್ಲ ಅದನ್ನು. ಬಸ್ಸಿನಲ್ಲಿ ಹೋಗುತ್ತೇನೆ. ಮಾಗಡಿ ಬಂದಾಗ ಕಣ್ಣು ಮುಚ್ಚುತ್ತೇನೆ.

ಕನಸು, ನಸುಕಿನಲ್ಲಿ. ಕೆರೆಯ ನೀರಿನ ಮೇಲೆ ಗಾಡಿ ಓಡಿಸುತ್ತಿದ್ದೆ. ಗಾಲಿ ಮುಳುಗುತ್ತಿಲ್ಲ. ಸದ್ದೂ ಇಲ್ಲ. ಸೊಂಟದ ಮೇಲೆ ಕೈ ಇದೆ. ತಿರುಗಿ ನೋಡಬೇಕು, ನೋಡಿದರೆ ಮುಳುಗುತ್ತೇವೆ... ಎಚ್ಚರವಾಯಿತು. ಮನೆ ನಿಶ್ಶಬ್ದ. ಮಗ್ಗದ ಮೇಲೆ ಹಳೇ ಸೀರೆ ಮುಚ್ಚಿದೆ.

ಅತ್ತೆ ವಾಕರ್ ಹಿಡಿದು ಅಡುಗೆಮನೆಯವರೆಗೆ ಬರುತ್ತಾರೆ. ಚಹಾ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಮುಖ ನೋಡುವುದಿಲ್ಲ. ನನ್ನ ಮೇಲೆ ಸಿಟ್ಟೇ? ಇರಬೇಕು. ಇರಲಿ.

ಶಾಲೆಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಮಕ್ಕಳು ಹಾಡುತ್ತಾರೆ. ನನ್ನ ದನಿ ಏಳುತ್ತಿಲ್ಲ.

ಏಪ್ರಿಲ್ ೩, ಗುರುವಾರ

ಕೋರ್ಟು. ತಪ್ಪು ಒಪ್ಪುತ್ತೀರಾ ಎಂದರು. ಒಪ್ಪುತ್ತೇನೆ ಎಂದೆ. ದಂಡ ಕಟ್ಟಿದೆ. ಇಷ್ಟು ಸಣ್ಣ ಕೆಲಸಕ್ಕೆ ಅಷ್ಟೊಂದು ದಿನ ಹೆದರಿದ್ದೆ.

ಹೊರಗೆ ಬೇವಿನ ಮರದ ಕೆಳಗೆ ಆಟೋ. ಒಳಗೆ ಅತ್ತೆ! ವಾಕರ್ ಮಡಚಿ ಕಾಲ ಬಳಿ ಇಟ್ಟುಕೊಂಡು, ತೊಡೆಯ ಮೇಲೆ ಬುತ್ತಿಯ ಗಂಟು. ಯಾರು ಬೇಡವೆಂದರೂ ಕೇಳದೆ ಬಂದಿದ್ದರಂತೆ.

"ಬೈದ್ರೇನ?" ಅಂದರು.

"ಇಲ್ರಿ."

"ಉಣ್ಣ ಹಂಗಾರ."

ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಬೇವಿನ ಹೂ ಉದುರಿ ಮೊಸರಲ್ಲಿ ಬಿತ್ತು. ತೆಗೆಯಲಿಲ್ಲ, ಹಾಗೇ ತಿಂದೆ. ಅತ್ತೆ ಆಗಲೂ ನನ್ನ ಮುಖ ನೋಡಲಿಲ್ಲ. ಆದರೆ ಸಿಟ್ಟಾದವರು ಬುತ್ತಿ ಕಟ್ಟುತ್ತಾರೆಯೇ?

ಸೆಪ್ಟೆಂಬರ್ ೧೩, ಶನಿವಾರ

ಲೋಕ ಅದಾಲತ್ತು, ಗದಗ. ಪರಿಹಾರದ ಅರ್ಜಿ ಇವತ್ತು ರಾಜಿಗೆ ಬಂದಿತ್ತು. ಹಾಲ್ ತುಂಬ ಜನ. ಕಾಗದದಲ್ಲಿ ಅರ್ಜಿದಾರರು ಅಮೃತವ್ವ, ಒಂದನೇ ಎದುರುದಾರರು ಮಂಜುಳಾ. ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಅತ್ತೆಯ ಊರುಗೋಲು ನನ್ನ ಕೈಯಲ್ಲಿತ್ತು.

ಕಂಪನಿಯ ವಕೀಲರು ಸಭ್ಯರು. ಒಂದೇ ಪ್ರಶ್ನೆ ಕೇಳಿದರು: ಮೊದಲು ಗಾಡಿ ನಿಂತಿತ್ತು ಎಂದು ಆಸ್ಪತ್ರೆಯಲ್ಲಿ ಯಾಕೆ ಹೇಳಿದಿರಿ?

"ಅಂಜಿ ಹೇಳಿದ್ನಿರಿ. ಸೊಸೀನ ಹಿಡಕೊಂಡ ಹೋಗ್ತಾರ ಅಂತ," ಅಂದರು ಅತ್ತೆ. ಕೂಡಬೇಕಿತ್ತು, ಕೂಡಲಿಲ್ಲ. ಮೇಜಿನ ಅಂಚು ಹಿಡಿದು ನಿಂತೇ ಇದ್ದರು. "ಇನ್ನೊಂದೈತ್ರಿ. ಅದನ್ನ ಯಾರಿಗೂ ಹೇಳಿಲ್ಲ. ಇಕಿ ರಸ್ತಾನ ನೋಡ್ತಿದ್ಲು. ಹಕ್ಕಿ ಹೊಂಟಿದ್ದು ಚಂದ ಕಾಣ್ತು. ಮ್ಯಾಲ ನೋಡ ಅಂತ ಭುಜಾ ಹಿಡದ ಅಳ್ಳಾಡಿಸಿದಾಕಿ ನಾನ. ತಪ್ಪ ನಂದೈತ್ರಿ. ಇಕಿ ಕೋರ್ಟಿನ್ಯಾಗ ಸುಮ್ನ ನಿಂತು ದಂಡಾ ಕಟ್ಟಿದ್ಲು."

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಎಲ್ಲ ಮುಗಿಯಿತು ಅಂದುಕೊಂಡೆ. ಹಾಲ್‌ನ ಗದ್ದಲ ದೂರ ಸರಿದು, ನೀರಿನ ಕೆಳಗಿನಿಂದ ಕೇಳಿದಂತೆ...

ಜಡ್ಜ್ ಮೇಡಂ ಕನ್ನಡಕ ತೆಗೆದರು. "ಅಮೃತವ್ವ, ಕುಂಡ್ರಿ ಮೊದಲ. ಹಿಂದ ಕುಂತಾವ್ರು ಚಂದ ಕಂಡ್ರ ನೋಡ ಅಂತ ಹೇಳತಾರ. ಅದು ತಪ್ಪಲ್ಲ. ರಸ್ತಾದ ಮ್ಯಾಲಿಂದ ಕಣ್ಣ ತಗೀಬಾರದು ಅನ್ನೋದು ಹ್ಯಾಂಡಲ್ ಹಿಡದಾವ್ರ ಜವಾಬ್ದಾರಿ. ನಿಮ್ಮದೇನೂ ತಪ್ಪಿಲ್ಲ."

"ಖರೇನ್ರಿ?"

"ಖರೇನ."

ಅತ್ತೆ ಕೂತರು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಎಲುಬು ಮುರಿದ ದಿನವೂ ಅಳದವರು. ಆಗ ತಿಳಿಯಿತು. ನನ್ನ ಮುಖ ನೋಡದೇ ಇದ್ದದ್ದು ಸಿಟ್ಟಿನಿಂದಲ್ಲ. ಚಳಿಗಾಲ, ಬೇಸಿಗೆ, ಮಳೆಗಾಲವೆಲ್ಲ ಈ ಒಂದು ಮಾತನ್ನು ಒಳಗಿಟ್ಟುಕೊಂಡು ಓಡಾಡಿದ್ದಾರೆ. ನನಗೂ ಅದು ಗೊತ್ತಿತ್ತು. ಬಾಯಿಬಿಟ್ಟು ನಾನೇ ಹೇಳಬಹುದಿತ್ತು, ನಿಮ್ಮ ತಪ್ಪಲ್ಲ ಎಂದು. ಹೇಳದೇ ಇದ್ದರೆ ಅವರನ್ನು ಕಾಯ್ದ ಹಾಗೆ ಅಂದುಕೊಂಡಿದ್ದೆ.

ವಕೀಲರಿಬ್ಬರೂ ತಲೆ ಕೂಡಿಸಿ ಮಾತಾಡಿದರು. ರಾಜಿಯಾಯಿತು. ಸಹಿ ಹಾಕುವಾಗ ಅತ್ತೆ ನನ್ನನ್ನು ನೋಡಿದರು, ನೇರ.

"ಬಾಳ ಸಣ್ಣಾಗಿಯಲ್ಲ ನೀ," ಅಂದರು.

ಅಕ್ಟೋಬರ್ ೨೬, ರವಿವಾರ

ಹೊಸ ಮಗ್ಗ ಬಂತು. ಕುಣಿ ಬೇಡ, ನೆಲದ ಮೇಲೇ ನಿಲ್ಲುತ್ತದೆ, ಕುರ್ಚಿಯಂತೆ ಕೂತು ತುಳಿಯಬಹುದು. ಪರಿಹಾರ ಬಂದ ವಾರವೇ ಹೇಳಿ ಮಾಡಿಸಿದ್ದು. ಮಾಂತೇಶ ಇಡೀ ದಿನ ಬೋಲ್ಟು ಬಿಗಿದ. ಗಾಳಿಯಂತ್ರಕ್ಕಿಂತ ಕಷ್ಟ ಐತಿ ಇದು ಅಂದ.

ಅತ್ತೆ ಕೂತರು. ಬಲಗಾಲು ಮೊದಲು ಹೆದರಿತು. ಒಂದು ಸಲ ತುಳಿದು ನಿಂತಿತು. ಮತ್ತೆ ತುಳಿಯಿತು. ಸದ್ದು ಬೇರೆ, ಹಗುರ. ಕೇಳುತ್ತ ಹೊಸ್ತಿಲ ಮೇಲೆ ಕೂತಿದ್ದೆ. ಏನೋ ಗುನುಗುತ್ತಿದ್ದೇನೆ ಎಂಬುದು ನನಗೇ ತಿಳಿದಿರಲಿಲ್ಲ. ಮಾಂತೇಶ ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟು ನನ್ನ ಕಡೆ ತಿರುಗಿದಾಗ ತಿಳಿಯಿತು.

ನವೆಂಬರ್ ೯, ರವಿವಾರ, ಬೆಳಿಗ್ಗೆ

ಇನ್ಶೂರೆನ್ಸ್ ನಾಳೆಗೆ ಮುಗಿಯುತ್ತದೆ. ನಿನ್ನೆಯೇ ರಿನ್ಯೂ ಮಾಡಿಸಿದೆ, ಅದೇ ಫುಲ್ ಪ್ಯಾಕೇಜ್. ಈ ಸಲ ಮಾಂತೇಶ ತಾನೇ ಎರಡು ಸಲ ಫೋನ್ ಮಾಡಿ ನೆನಪಿಸಿದ. ಈ ರವಿವಾರ ಅವನಿಗೆ ಡ್ಯೂಟಿ, ಬಂದಿಲ್ಲ.

ಅತ್ತೆ ಎದ್ದವರೇ ಹೊಸ ಸೀರೆ ಉಟ್ಟರು. ಎಲ್ಲಿಗೆ ಅಂದೆ.

"ಮುಂಡರಗಿಗೆ. ನನ್ನ ಮಗಾ ಏರೋ ಆ ಗಾಳಿ ಫ್ಯಾನ ನಾ ಒಮ್ಮೆನೂ ಹತ್ತರದಿಂದ ನೋಡಿಲ್ಲ."

"ಬಸ್ಸು ಒಂಬತ್ತಕ್ಕ ಐತ್ರಿ."

"ಬಸ್ಸಿನ್ಯಾಗ ನೀ ಹೋಗ."

ಅಂದು, ಗಾಡಿಯ ಕೀಲಿ ತೆಗೆದುಕೊಂಡು ಹೊರಗೆ ಹೋದರು. ನಾನು ಒಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಆ ದಿನದಿಂದ ಒಮ್ಮೆಯೂ ಕಿಕ್ ಹೊಡೆದಿಲ್ಲ. ಗ್ಯಾರೇಜಿನ ಹುಡುಗ ಆಗಾಗ ಬಂದು ಒಂದು ಸುತ್ತು ಓಡಿಸಿಟ್ಟು ಹೋಗುತ್ತಾನೆ, ಅಷ್ಟೇ. ಬಿಸಿಲು ಚೆನ್ನಾಗಿದೆ. ಮುಂಡರಗಿಯ ರಸ್ತೆಗೆ ಈಗ ಸೂರ್ಯಕಾಂತಿ ಬಂದಿರಬೇಕು, ಎರಡೂ ಬದಿ...

ಹಾರ್ನು. ಅತ್ತೆ ಹಾರ್ನು ಬಾರಿಸುತ್ತಿದ್ದಾರೆ. ಓಣಿಗೆಲ್ಲ ಕೇಳುವ ಹಾಗೆ, ಬಿಟ್ಟು ಬಿಟ್ಟು. "ಮಂಜುಳಾ! ಬಿಸಲ ಏರಾಕತ್ತೈತಿ!"

ಬಂದೆ ಅಂದೆ. ಕಿಟಕಿಯಿಂದ ಕಾಣುತ್ತಾರೆ. ಊರುಗೋಲು ಗೋಡೆಗೆ ಒರಗಿಸಿ ಹೆಲ್ಮೆಟ್ ಹಾಕಿಕೊಂಡಿದ್ದಾರೆ, ಹಿಂದುಮುಂದಾಗಿದೆ. ಬಕಲ್ ಹುಡುಕುತ್ತಿದ್ದಾರೆ. ಅದು ಅವರಿಗೆ ಬರುವುದಿಲ್ಲ, ನಾನೇ ಹೋಗಿ—