ಹತ್ತೊಂಬತ್ತನೆಯ ಮಹಡಿಯ ಬಾಗಿಲು

ಹುಬ್ಬಳ್ಳಿ
ಫೆಬ್ರವರಿ 30, 2312

ನಮಗಿಂತ ಮೊದಲು ಬದುಕಿದವರೇ,

ಈ ತಾರೀಖು ನಿಮಗೆ ತಪ್ಪೆಂದು ತೋರಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರಿಲ್ಲ, ಆಗ ನಾವು ಏನನ್ನೂ ಬರೆಯುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು. ಕ್ಷಮಿಸಿ. ತಪ್ಪು ಮಾಡಿದ ಅನುಮಾನಿ ಹಿಂದಿನವರಿಗೆ ಒಂದು ಪತ್ರ ಬರೆಯಬೇಕೆಂಬುದು ನಮ್ಮ ನಿಯಮ. ಅದು ನಿಮ್ಮನ್ನು ಮುಟ್ಟುತ್ತದೆಯೇ ಎಂದು ಕೇಳಿದರೆ ಕಚೇರಿಯವರು ಬೇರೆ ಕಡೆ ನೋಡುತ್ತಾರೆ.

ಅನುಮಾನಿ ಎಂದರೆ ನಮ್ಮಲ್ಲಿ ಬೈಗುಳವಲ್ಲ, ಹುದ್ದೆ. ಪ್ರತಿ ಮಹಡಿಯಲ್ಲಿ ಚೀಟಿ ಎತ್ತಿ ಒಬ್ಬರನ್ನು ವರ್ಷದ ಮಟ್ಟಿಗೆ ಆರಿಸುತ್ತಾರೆ. ಬಿಸಿಯಾದ ತಂತಿ, ಮೆಟ್ಟಿಲ ಮೇಲೆ ಇಟ್ಟ ಹಳೆಯ ಕುರ್ಚಿ, ಕೂಗದ ಹೊಗೆಗಂಟೆ, ಹೀಗೆ ಎಲ್ಲವನ್ನೂ ಅನುಮಾನಿಸುವುದೇ ಅವನ ಕೆಲಸ. ಆ ವರ್ಷ ಅವನಾಗಲಿ ಅವನ ಮನೆಯವರಾಗಲಿ ನೆರೆಯವರ ಮನೆಯಲ್ಲಿ ಉಣ್ಣುವಂತಿಲ್ಲ. ಉಂಡ ಮನೆಯ ತಪ್ಪು ಕಣ್ಣಿಗೆ ಬೀಳುವುದಿಲ್ಲ ಎಂಬುದು ನಮ್ಮ ಹಿರಿಯರ ತರ್ಕ. ಕಳೆದ ವರ್ಷ ಚೀಟಿ ನನ್ನ ಹೆಸರಿಗೆ ಬಂತು. ನನಗೆ ಖುಷಿಯಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅನುಮಾನ ನನಗೆ ಮೊದಲಿನಿಂದಲೂ ಇತ್ತು, ಅದಕ್ಕೊಂದು ಕುರ್ಚಿ ಸಿಕ್ಕಿತು, ಅಷ್ಟೆ.

ನಮ್ಮ ಮಹಡಿಯಲ್ಲಿ ನಲವತ್ತೊಂದು ಜನ. ಪಡಸಾಲೆಯ ಎರಡು ತುದಿಗಳಲ್ಲಿ ಎರಡು ಮೆಟ್ಟಿಲು, ಒಂದರ ಕಡೆ ಬೆಂಕಿ ಬಿದ್ದರೆ ಇನ್ನೊಂದು ಇರಲಿ ಎಂದು. ಪ್ರತಿ ಮೆಟ್ಟಿಲಿಗೂ ಒಂದು ಭಾರವಾದ ಉಕ್ಕಿನ ಬಾಗಿಲು. ಬಿಟ್ಟ ಕೂಡಲೇ ಅದು ತಾನಾಗಿ ಮುಚ್ಚಿಕೊಂಡು ಧಡ್ ಎನ್ನುತ್ತದೆ. ಎರಡು ತಾಸು ಬೆಂಕಿಯನ್ನು ತಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ ಹೊಗೆಯನ್ನು ತಡೆಯುತ್ತದೆ. ಜನ ಬೆಂಕಿಯನ್ನು ನೋಡುವ ಮೊದಲೇ ಹೊಗೆಯಲ್ಲಿ ಸಾಯುತ್ತಾರೆ ಎಂಬುದನ್ನು ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ಹೊಗೆ ಮೇಲೆ, ಉಸಿರು ಕೆಳಗೆ, ಅದಕ್ಕೇ ತೆವಳಬೇಕು. ಬಾಗಿಲು ಸದಾ ಮುಚ್ಚಿರಬೇಕು, ತಳ್ಳಿದರೆ ಸದಾ ತೆರೆಯಬೇಕು. ಈ ಪಾಠವನ್ನು ಪ್ರತಿ ಸೋಮವಾರ ನಾನೇ ಹೇಳಿಕೊಡುತ್ತಿದ್ದೆ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಪೂರ್ವದ ಬಾಗಿಲು ತೆರೆದೇ ಇತ್ತು. ಸಂದಿಗೆ ತೆಂಗಿನಕಾಯಿ ಗಾತ್ರದ ಕಪ್ಪು ಕಲ್ಲು. ಅದನ್ನು ತೆಗೆದು ಆಚೆ ಮೆಟ್ಟಿಲ ಮೂಲೆಗೆ ಸರಿಸಿದೆ. ಮರುದಿನ ಮತ್ತೆ ಸಂದಿಯಲ್ಲಿತ್ತು. ಅದನ್ನು ಎಸೆದುಬಿಡಬಹುದಿತ್ತು. ಎಸೆಯಲಿಲ್ಲ. ನನಗೆ ಬಾಗಿಲು ಮುಚ್ಚುವುದಕ್ಕಿಂತ ಕಲ್ಲು ಇಟ್ಟವರು ಬೇಕಾಗಿದ್ದರು.

ಹದಿನೆಂಟನೆಯ ಮಹಡಿಯ ಫಕ್ಕೀರವ್ವನ ಮೇಲೆ ನನ್ನ ಕಣ್ಣು ಬಿತ್ತು. ಆಕೆ ಜೋಳದ ರೊಟ್ಟಿ ಬಡಿದು ಮಹಡಿಯಿಂದ ಮಹಡಿಗೆ ಮಾರುತ್ತಿದ್ದಳು. ಪೂರ್ವದ ಮೆಟ್ಟಿಲೇ ಆಕೆಯ ದಾರಿ. ನಾನು ಬಾಗಿಲ ಬಳಿ ನಿಂತು ಕಲ್ಲಿನ ಬಗ್ಗೆ ಕೇಳಿದೆ. ಆಕೆ ನಕ್ಕಳು.

“ಏನ್ರೀ ಅಣ್ಣಾರ, ಬಾಗಲಾ ಕಾಯೂದು ಬಿಟ್ಟು ನನ್ನ ಮಾರಿ ಕಾಯಾಕ ಹತ್ತೀರಲ್ಲ? ಎರಡೂ ಕೈಯಾಗ ಬುಟ್ಟಿ ಅದಾವು. ಕಲ್ಲ ಇಡಾಕ ಮೂರನೇ ಕೈ ಎಲ್ಲಿಂದ ತರ್ಲಿ?”

ಆ ಉತ್ತರ ತೀರ ಸಿದ್ಧವಾಗಿತ್ತು ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ನನ್ನ ಹೆಂಡತಿ ದಾಕ್ಷಾಯಣಿ ಅದನ್ನು ಓದಿ, “ಆಕಿ ಪಾಪ, ಬಿಡ್ರಿ” ಅಂದಳು. ಅದನ್ನೂ ಬರೆದುಕೊಂಡೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ಮೆಟ್ಟಿಲ ಕಡೆಯಿಂದ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಿದೆ. ಆ ದಾರಿ ಬೇಕಾದವರು ನನ್ನ ಹತ್ತಿರ ಬಂದು ಕೇಳಲೇಬೇಕು, ಕೇಳಿದವರೇ ಕಲ್ಲಿಟ್ಟವರು. ಉಳಿದವರಿಗೆ ಪಶ್ಚಿಮದ ಮೆಟ್ಟಿಲು ಇತ್ತಲ್ಲ. ಕೀಲಿ ಅಂಗಿಯ ಜೇಬಿನಲ್ಲಿತ್ತು. ಸೋಮವಾರದ ಪಾಠವನ್ನು ಆ ವಾರವೂ ಹೇಳಿಕೊಟ್ಟೆ. ಹೇಳುವಾಗ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ.

ಮೂರು ದಿನ ಯಾರೂ ಕೇಳಲಿಲ್ಲ, ಫಕ್ಕೀರವ್ವ ಕೇಳದ್ದೇ ನನಗೆ ಸಾಕ್ಷಿಯಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನು ನೆಲಮಹಡಿಯ ಕಚೇರಿಯಲ್ಲಿ ಫಕ್ಕೀರವ್ವನ ಹೆಸರನ್ನು ಒಪ್ಪಿಸುತ್ತಿದ್ದೆ. ಆಗ ಹೊಗೆಗಂಟೆ ಕೂಗಿತು. ನಮ್ಮ ಮಹಡಿಯಲ್ಲೇ, ಪಶ್ಚಿಮದ ಮೆಟ್ಟಿಲ ಪಕ್ಕದ ಬ್ಯಾಟರಿ ಕೋಣೆಯಲ್ಲಿ ಬೆಂಕಿ. ನಿಯಮದಂತೆ ಲಿಫ್ಟುಗಳೆಲ್ಲ ಕೆಳಗಿಳಿದು ನಿಂತವು. ಬೆಂಕಿಯಲ್ಲಿ ಲಿಫ್ಟ್ ಹತ್ತಬಾರದು ಎಂದು ನಿಮ್ಮ ಕಾಲದಲ್ಲೂ ಬರೆದು ಹಾಕುತ್ತಿದ್ದರಂತೆ. ಆ ಹೊತ್ತಿಗೆ ಮನೆಗಳಲ್ಲಿ ಇದ್ದವರು ಇಪ್ಪತ್ತಾರು ಜನ, ದಾಕ್ಷಾಯಣಿ ಅವರಲ್ಲಿ ಒಬ್ಬಳು. ಅವರು ಕಲಿತಂತೆಯೇ ಮಾಡಿದರು. ಒದ್ದೆ ಬಟ್ಟೆ ಮೂಗಿಗೆ ಹಿಡಿದು, ತೆವಳುತ್ತ, ಬೆಂಕಿ ಇಲ್ಲದ ಕಡೆಯ ಬಾಗಿಲಿಗೆ ಬಂದರು. ತಳ್ಳಿದರು.

ನಾನು ಕೀಲಿ ಹಿಡಿದು ಪೂರ್ವದ ಮೆಟ್ಟಿಲು ಹತ್ತುತ್ತಿದ್ದೆ. ಹನ್ನೊಂದನೆಯ ಮಹಡಿಯಲ್ಲಿ ಎದೆ ಕಟ್ಟಿತು, ಕೂತೆ. ಮೇಲಿನಿಂದ ಉಕ್ಕನ್ನು ಬಡಿಯುವ ಸದ್ದು ಕೇಳುತ್ತಿತ್ತು, ಮೊದಲು ಬಹಳ ಕೈಗಳದು, ಆಮೇಲೆ ಕೆಲವು ಕೈಗಳದು. ಆಮೇಲೆ ಬೇರೆಯದೇ ಒಂದು ಸದ್ದು, ಕಲ್ಲಿನದು. ಆರು ಏಟು ಎಣಿಸಿದೆ. ಸರಪಳಿ ಮೆಟ್ಟಿಲ ಮೇಲೆ ಬಿದ್ದದ್ದು ಕೇಳಿತು.

ಫಕ್ಕೀರವ್ವ ಬುಟ್ಟಿ ಬಿಸಾಕಿ ಮೇಲಕ್ಕೆ ಓಡಿದ್ದಳು. ನಾನು ಸಾಕ್ಷಿಗೆಂದು ಮೂಲೆಯಲ್ಲಿ ಉಳಿಸಿದ್ದ ಕಲ್ಲಿನಿಂದಲೇ ಬೀಗ ಒಡೆದಳು. ಎಲ್ಲರೂ ಉಳಿದರು. ಕೊನೆಯವರಾಗಿ ಹೊರಬಂದವರಲ್ಲಿ ದಾಕ್ಷಾಯಣಿ ಇದ್ದಳು. ಆಕೆಯ ಗಂಟಲು ಸುಟ್ಟಿದೆ. ಈಗ ಪಿಸುಮಾತಿನಲ್ಲಷ್ಟೇ ಮಾತನಾಡುತ್ತಾಳೆ. ಮೆಟ್ಟಿಲಲ್ಲಿ ನನ್ನನ್ನು ದಾಟುವಾಗ ಫಕ್ಕೀರವ್ವ ನಿಂತು, “ಕೀಲಿ ಜ್ವಾಪಾನ ಇಟ್ಕೊರಿ ಅಣ್ಣಾರ” ಅಂದಳು.

ಹತ್ತು ದಿನಗಳ ನಂತರ ಆಸ್ಪತ್ರೆಯಲ್ಲಿ ದಾಕ್ಷಾಯಣಿ ನನ್ನ ಕಿವಿಯನ್ನು ಹತ್ತಿರಕ್ಕೆ ಕರೆದಳು.

“ಕಲ್ಲ ನಾನಽ ಇಡತಿದ್ದೆ. ಫಕ್ಕೀರವ್ವನ ಮನ್ಯಾಗ ಬಿಸಿ ರೊಟ್ಟಿ ತಿನ್ನಾಕ ಹೋಗತಿದ್ದೆ. ಬಾಗಲಾ ಧಡ್ ಅಂದ್ರ ನಿಮಗ ಕೇಳತೈತಿ ಅಂತ.”

ಅಂದರೆ ಆಕೆ ಹೆದರಿದ್ದು ಬೆಂಕಿಗಲ್ಲ. ಇದನ್ನು ನಾನು ಬರೆದುಕೊಳ್ಳಲಿಲ್ಲ. ಸರಪಳಿ ಹಾಕಿದ ಮೇಲೂ ಆಕೆ ಬಂದು ಕೇಳಲಿಲ್ಲ ಎಂಬುದನ್ನು ಈಗಲೂ ಯೋಚಿಸುತ್ತೇನೆ. ನಾಲ್ಕು ದಿನ ಒಂದೇ ಕೋಣೆಯಲ್ಲಿ, ಕೀಲಿಯಿದ್ದ ನನ್ನ ಅಂಗಿಯನ್ನು ಆಕೆ ದಿನವೂ ಮಡಿಸಿ ಇಡುತ್ತಿದ್ದಳು.

ಹುದ್ದೆ ಹೋಯಿತು, ಉಣ್ಣುವ ನಿಷೇಧವೂ ಹೋಯಿತು. ಈಗ ಪ್ರತಿ ಮಧ್ಯಾಹ್ನ ಆಕೆ ಹೇಳಿಯೇ ಕೆಳಗಿನ ಮಹಡಿಗೆ ಹೋಗುತ್ತಾಳೆ. ನಾನು ಇಲ್ಲಿ ಕೂತು ಕಿವಿಗೊಡುತ್ತೇನೆ. ಧಡ್ ಎನ್ನುತ್ತದೆ. ಆಮೇಲೆ ಬರೆಯುತ್ತೇನೆ.

ನಿಮ್ಮ ಕಟ್ಟಡದಲ್ಲೂ ಅಂಥ ಬಾಗಿಲೊಂದು ಇರಬೇಕು. ಸಂದಿಗೆ ಇಟ್ಟಿಗೆಯೋ ಮಡಿಸಿದ ರಟ್ಟೋ ಇರಬಹುದು, ಅಥವಾ ಕಳ್ಳರ ಭಯಕ್ಕೆ ಹಾಕಿದ ಬೀಗ. ಇಲ್ಲ ಎಂದು ನೀವು ಹೇಳಿದರೆ ನಾನು ನಂಬುವುದಿಲ್ಲ, ಆ ಚಟ ಹುದ್ದೆಯ ಜೊತೆ ಹೋಗಲಿಲ್ಲ. ಪತ್ರವನ್ನು ಕೆಳಗಿಟ್ಟು ಹೋಗಿ ನೋಡಿ. ಕಲ್ಲಿದ್ದರೆ ತೆಗೆಯಿರಿ, ಬೀಗವಿದ್ದರೆ ಒಡೆಯಿರಿ. ಯಾರು ಇಟ್ಟರು ಎಂದು ಮಾತ್ರ ಮೊದಲು ಹುಡುಕಬೇಡಿ. ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಸದ್ದನ್ನು ಒಮ್ಮೆ ಕೇಳಿ, ಮತ್ತೆ ತಳ್ಳಿ ನೋಡಿ, ಆಮೇಲೆ ಮನೆಗೆ ಹೋಗಿ.

ಇಂತಿ,
ಮುರಿಗೆಪ್ಪ
ಮಾಜಿ ಅನುಮಾನಿ, ಹತ್ತೊಂಬತ್ತನೆಯ ಮಹಡಿ